ಇಕುಯೊಳ ಗೆಳತಿಯರ ಜೊತೆ

ಜನವರಿ ೨೬, ಭಾನುವಾರ

ಇಂದಿನಿಂದ ಬರೆಯೋಣವೆಂದುಕೊಂಡೆ. ಹಂಗೇರಿಯನ್ ಭಾಷೆಯಲ್ಲೇ. ನೀನು ಬದುಕಿದ್ದಾಗಲೂ ಇದನ್ನು ಓದಲು ನಿನಗೆ ಬರುತ್ತಿರಲಿಲ್ಲ, ಇಕುಯೊ. ನನ್ನ ಭಾಷೆಯಲ್ಲಿ ನೀನು ಕಲಿತದ್ದು ‘ಚೆನ್ನಾಗಿದೆ’, ‘ಸಾಕು’, ‘ಬಾಗಿಲು ಹಾಕು’ ಇಷ್ಟೇ. ಸಂಸಾರ ನಡೆಸಲು ಅಷ್ಟು ಸಾಕಲ್ಲವೇ ಎಂದು ನೀನೇ ನಗುತ್ತಿದ್ದೆ.

ಬೆಳಿಗ್ಗೆ ನಿನ್ನ ಫೋಟೊದ ಮುಂದೆ ಬಿಸಿ ಅನ್ನ ಇಟ್ಟು ಊದುಬತ್ತಿ ಹಚ್ಚಿದೆ. ಆಮೇಲೆ ಮಾಡಲು ಏನೂ ಇರಲಿಲ್ಲ. ಅಂಗಡಿಗೆ ಹೋಗಿ ಮೂಲಂಗಿ ತಂದೆ. ಕೌಂಟರಿನ ಹುಡುಗಿ “ಚೀಲ ಬೇಕಾ?” ಎಂದಳು. “ಬೇಡ” ಎಂದೆ. ಸಂಜೆಯವರೆಗೆ ಆಡಿದ ಮಾತು ಅದೊಂದೇ.

ಸಂಜೆ ಹಂಗೇರಿಯ ನನ್ನೂರು ಸೆಗೆಡ್‌ನಿಂದ ತಂಗಿ ಪಿರೋಷ್ಕಾ ಫೋನ್ ಮಾಡಿದಳು. “ಅಲ್ಲೇನಿದೆ ಅಂತ ಕೂತಿದ್ದೀಯೋ? ನಿನ್ನ ಹೆಸರನ್ನ ನೆಟ್ಟಗೆ ಕರೆಯೋರೂ ಇಲ್ಲ ಅಲ್ಲಿ. ಮೇಲಿನ ರೂಮು ಖಾಲಿ ಬಿದ್ದಿದೆ, ಬಂದ್ಬಿಡು.” ಆಗಸ್ಟ್‌ನಲ್ಲಿ ಒಬೊನ್ ಹಬ್ಬ, ತೀರಿಕೊಂಡವರು ಮನೆಗೆ ಬರುವ ದಿನಗಳು, ನೀನು ಹೋದ ಮೇಲೆ ಮೊದಲನೆಯದು, ಅದನ್ನು ಮುಗಿಸಿ ಬರುತ್ತೇನೆ ಎಂದೆ. “ಸತ್ತೋರ ಹಬ್ಬಕ್ಕೆ ಬದುಕಿರೋನು ಕಾಯಬೇಕಾ?” ಎಂದಳು. ಅವಳು ಯಾವಾಗಲೂ ಹಾಗೆಯೇ. ಕೇಳಿ ಬೇಸರವಾಗಲಿಲ್ಲ.

ಫೆಬ್ರವರಿ ೧೨

ಊರಾಚೆಯ ಶಿಶುವಿಹಾರದ ಪಿಯಾನೊ ಶ್ರುತಿ ಮಾಡಲು ಹೋಗಿದ್ದೆ. ಒಳಗೆ ಮುರಿದ ಕ್ರೇಯಾನ್ ಒಂದು ಸಿಕ್ಕಿಕೊಂಡಿತ್ತು. ಮಕ್ಕಳು ಸುತ್ತ ನಿಂತು ನೋಡುತ್ತಿದ್ದವು. ಒಬ್ಬ ಪುಟ್ಟ ಹುಡುಗಿ ಮುಖದ ಹತ್ತಿರವೇ ಬಂದು ಕೇಳಿದಳು: “ನಿಮ್ಮ ಕಣ್ಣು ನೀಲಿ ಅಲ್ವಾ, ನಿಮಗೆ ಎಲ್ಲಾ ನೀಲಿ ಕಾಣ್ಸುತ್ತಾ?”

ನಿನಗೆ ಹೇಳಬೇಕೆಂದು ಸೈಕಲ್ಲನ್ನು ಜೋರಾಗಿ ತುಳಿದೆ. ಗೇಟಿನ ಚಿಲಕ ತೆಗೆಯುವಾಗ ನೆನಪಾಯಿತು.

ಮಾರ್ಚ್ ೫

ಮಳೆ. ಫೋನ್ ಎರಡು ಸಲ ಹೊಡೆದುಕೊಂಡಿತು. ನೀನು ಎತ್ತುತ್ತೀಯೆಂದು ಸುಮ್ಮನೆ ಕೂತೆ.

ಏಪ್ರಿಲ್ ೧೪, ಸೋಮವಾರ

ನಿನ್ನ ಗೆಳತಿ ನೊಬುಎ ಬಂದಿದ್ದಳು. ಅಂತ್ಯಕ್ರಿಯೆಯ ಮೇಲೆ ಇದೇ ಮೊದಲು. ಸೋಮವಾರ ಅವಳ ಕ್ಷೌರದಂಗಡಿಗೆ ರಜೆ. ನಾನು ಬಾಗಿಲು ತೆಗೆಯುತ್ತಲೇ ನನ್ನ ತಲೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು.

“ಇದೇನ್ರೀ ಇದು, ತಲೆಯಾ ಕಾಡಾ? ಒಳಗೆ ಹಕ್ಕಿ ಪಕ್ಕಿ ಗೂಡು ಕಟ್ಟಿದ್ಯಾ?”

ಇಕುಯೊ ಮನೆಯಲ್ಲೇ ಕತ್ತರಿಸುತ್ತಿದ್ದಳು ಎಂದೆ. ಗೊತ್ತು ಎಂದಳು. ನಿನ್ನ ಫೋಟೊದ ಮುಂದೆ ಕೂತು ಗಂಟೆ ಬಾರಿಸಿ ಕೈ ಮುಗಿದಳು. ಬಂದ ವಿಷಯ ಹೇಳಲು ಎರಡು ಲೋಟ ಚಹಾ ಬೇಕಾಯಿತು.

“ಇಪ್ಪತ್ತೆಂಟಕ್ಕೆ ಚಿಪ್ಪಿ ಆರಿಸೋಕೆ ಹೋಗ್ತಿದ್ದೀವಿ, ಮಿಕಾವಾ ಕೊಲ್ಲಿಗೆ. ಪ್ರತಿ ವರ್ಷ ಹೋಗ್ತೀವಲ್ಲ, ನಾವು ನಾಲ್ಕು ಜನ. ಈಗ ಮೂರೇ ಜನ. ರೈಲಲ್ಲಿ ಎದುರುಬದುರು ಸೀಟು ಹಿಡಿದ್ರೆ ಒಂದು ಖಾಲಿ ಉಳಿಯುತ್ತೆ. ಅದನ್ನ ನೋಡ್ಕೊಂಡು ಅಷ್ಟು ದೂರ ಹೋಗೋಕೆ ನನ್ನ ಕೈಲಾಗಲ್ಲ. ನೀವು ಬನ್ನಿ.” ಆಮೇಲೆ ಮೆತ್ತಗೆ ಸೇರಿಸಿದಳು: “ನಿಮಗೆ ಜನ ಅಂದ್ರೆ ಆಗಲ್ಲ ಅಂತ ಗೊತ್ತು. ಆದ್ರೂ ಈ ಒಂದು ಸಲ.”

ಜನ ಅಂದರೆ ಆಗುವುದಿಲ್ಲ! ಈ ದೇಶದಲ್ಲಿ ಮರ್ಯಾದೆಗೆ ಏನೇನೋ ಹೇಳುತ್ತಾರೆ. ಬರುತ್ತೇನೆ ಎಂದೆ. ಅವಳು ಹೋದ ಮೇಲೆ ಯಾಕೆ ಒಪ್ಪಿದೆನೆಂದು ನನ್ನ ಮೇಲೇ ಸಿಟ್ಟು ಬಂತು. ನಿನ್ನ ಗೆಳತಿಯರು ಅವರು. ಶಾಲೆಯ ವಾಲಿಬಾಲ್ ತಂಡದಿಂದ ಜೊತೆಗಿದ್ದವರು. ನಾನು ಬಾಗಿಲಲ್ಲಿ ತಲೆ ಬಗ್ಗಿಸಿ ನಮಸ್ಕಾರ ಹೇಳಿದ್ದು ಬಿಟ್ಟರೆ ಅವರ ಜೊತೆ ಕೂತವನಲ್ಲ.

ಏಪ್ರಿಲ್ ೨೭

ನಾಳೆ ಹೋಗಬೇಕು. ಹೇಳಬೇಕಾದ ಮಾತುಗಳನ್ನು ಬಚ್ಚಲಲ್ಲಿ ನಿಂತು ಅಭ್ಯಾಸ ಮಾಡಿದೆ. ‘ಇವತ್ತು ಹವೆ ಚೆನ್ನಾಗಿದೆ.’ ‘ನಿಮ್ಮ ಮೊಮ್ಮಕ್ಕಳು ಹೇಗಿದ್ದಾರೆ?’ ಯಾರಿಗೆ ಮೊಮ್ಮಕ್ಕಳಿದ್ದಾರೆ ಎನ್ನುವುದೇ ನೆನಪಿಲ್ಲ. ನೀನಿದ್ದಿದ್ದರೆ ನನ್ನ ವಾಕ್ಯ ಅರ್ಧಕ್ಕೆ ನಿಂತಾಗ ಉಳಿದರ್ಧ ನೀನು ಹೇಳುತ್ತಿದ್ದೆ.

ಬರಿಗೈಯಲ್ಲಿ ಹೋಗಬಾರದೆಂದು ಪೊಗಾಚಾ ಮಾಡಿದೆ. ಅಮ್ಮ ಮಾಡುತ್ತಿದ್ದ ಉಪ್ಪು ಬಿಸ್ಕತ್ತು, ಚೀಸ್ ಹಾಕಿದ್ದು. ಮೊದಲ ತಟ್ಟೆ ಸೀದುಹೋಯಿತು. ಎರಡನೆಯದು ಪರವಾಗಿಲ್ಲ.

ಏಪ್ರಿಲ್ ೨೮, ಸೋಮವಾರ

ಬೆಳಿಗ್ಗೆಯೇ ನಿನಗೆ ಹೇಳಿ ಹೊರಟೆ.

ಸ್ಟೇಷನ್‌ನಲ್ಲಿ ಮೂವರೂ ಒಂದೇ ತರಹದ ಅಗಲ ಅಂಚಿನ ಟೊಪ್ಪಿ ಹಾಕಿಕೊಂಡು ನಿಂತಿದ್ದರು. ನೊಬುಎ ನನ್ನ ತಲೆಗೂ ಒಂದು ಹೇರಿದಳು. ಚಿಜುರು, ನಿನ್ನ ಕೊನೆಯ ವಾರಗಳಲ್ಲಿ ಆಸ್ಪತ್ರೆಗೆ ದಿನವೂ ಬರುತ್ತಿದ್ದ ಆ ಎತ್ತರದ ಹೆಂಗಸು, ನಿವೃತ್ತ ನರ್ಸ್, ನನ್ನನ್ನು ನೋಡಿ ತಲೆಯಾಡಿಸಿದಳಷ್ಟೆ. ಮೂರನೆಯವಳು ಮಸಾಯೊ, ಗುಂಡಗಿನವಳು. ಅವಳಿಗೆ ಎಡಗಿವಿ ಕೇಳಿಸದು. ರೈಲು ಹತ್ತಿದ ಕೂಡಲೇ ಬಲಗಿವಿ ನನ್ನ ಕಡೆ ಬರುವಂತೆ ಕೂತಳು.

“ಯಜಮಾನ್ರೇ, ಇನ್ನು ತಡ್ಕೊಳ್ಳೋಕಾಗಲ್ಲ. ನಿಮ್ಮ ಹೆಸರೇನು?”

ನೊಬುಎ ಮೊಣಕೈಯಿಂದ ತಿವಿದಳು. “ಮಾನ ತೆಗೀಬೇಡ್ವೇ.”

“ನಿನಗೆ ಗೊತ್ತಿದ್ರೆ ನೀನೇ ಹೇಳು ನೋಡೋಣ.”

ನೊಬುಎ ಬಾಯಿ ತೆರೆದಳು, ಮುಚ್ಚಿದಳು. ಇಷ್ಟು ವರ್ಷ ನಾನು ಇವರಿಗೆಲ್ಲ ‘ಇಕುಯೊ ಯಜಮಾನ್ರು’.

“ಆಕೋಷ್” ಎಂದೆ.

“ಆಕೊ?”

“ಆಕೋಷ್. ಕೊನೇಲಿ ಷ್ ಇದೆ.”

“ಅಯ್ಯಯ್ಯೋ, ಆಕೊ ಅಂದ್ರೆ ನನ್ನ ನಾದಿನಿ ಹೆಸರು! ಆ ಮಹಾತಾಯಿ ಹೆಸರು ನಿಮಗ್ಯಾಕೆ ಇಟ್ರು?”

“ನಮ್ಮೂರಲ್ಲಿ ಅದು ಗಂಡಸರ ಹೆಸರು.”

“ನಮ್ಮನೇಲೂ ಅವಳೇ ಗಂಡಸು ಬಿಡಿ” ಎಂದಳು ಮಸಾಯೊ. ಮುಂದಿನ ಸ್ಟೇಷನ್ ಬರುವಷ್ಟರಲ್ಲಿ ನಾನು ಆಕೊ-ಸಾನ್, ಅಂದರೆ ‘ಆಕೊ ಅವರು’, ಆಗಿದ್ದೆ.

ನೀರು ದೂರ ಸರಿದಿತ್ತು. ಕೊಲ್ಲಿಯ ತಳವೆಲ್ಲ ಒದ್ದೆ ಬೂದು ಮಣ್ಣು. ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಎಷ್ಟೋ ಸಂಸಾರಗಳು ಬಗ್ಗಿ ಕೆರೆಯುತ್ತಿದ್ದವು. ಚಿಜುರು ನನಗೆ ಕೈಕುಂಟೆ ಕೊಟ್ಟು, “ಹೀಗೆ ಜೋಡಿ ತೂತು ಕಂಡ್ರೆ ಅಲ್ಲಿ ಇದೆ ಅಂತ. ಆಳಕ್ಕೆ ಹೋಗ್ಬೇಡಿ, ಮೆತ್ತಗೆ ಕೆರೀರಿ” ಎಂದು ತೋರಿಸಿದಳು. ಮೊದಲ ಚಿಪ್ಪಿ ಸಿಕ್ಕಾಗ ಕೂಗಿಬಿಟ್ಟೆ. ಪಕ್ಕದ ಸಂಸಾರದವರು ತಿರುಗಿ ನೋಡಿದರು.

ಮಸಾಯೊ ಸುಸ್ತಾಯಿತೆಂದು ಕೆಸರಲ್ಲೇ ಕೂತುಬಿಟ್ಟಳು. ಮತ್ತೆ ಏಳಲಾಗಲಿಲ್ಲ. ನಾನೊಂದು ಕೈ, ನೊಬುಎ ಒಂದು ಕೈ ಹಿಡಿದು ಎಳೆದೆವು. “ಎಳೀರೋ, ನಾನೇನು ಗಾಜಿನ ಬೊಂಬೆನಾ!” ಎಂದು ಅವಳು ಕಿರುಚುತ್ತಿದ್ದಳು. ಪಚಕ್ಕೆಂದು ಅವಳ ಬೂಟು ಕಿತ್ತುಬಂತು, ನಾವಿಬ್ಬರೂ ಹಿಂದಕ್ಕೆ ಬಿದ್ದೆವು. ನಾನು ನಕ್ಕೆ. ಆ ಸದ್ದು ಎಲ್ಲಿಂದ ಬಂತೆಂದು ನನಗೇ ಗೊತ್ತಾಗಲಿಲ್ಲ.

ಮಧ್ಯಾಹ್ನ ದಡದ ಪೈನ್ ಮರದ ಕೆಳಗೆ ಚಾಪೆ ಹಾಸಿ ಕೂತೆವು. ಅನ್ನದುಂಡೆ, ಉಪ್ಪಿನಕಾಯಿ, ನೊಬುಎ ತಂದ ಮೊಟ್ಟೆ ರೋಲು. ನಾನು ನಾಚುತ್ತಲೇ ಪೊಗಾಚಾ ಡಬ್ಬಿ ತೆಗೆದಿಟ್ಟೆ. ಮಸಾಯೊ ಒಂದು ತಿಂದಳು, ಮಾತಾಡದೆ ಇನ್ನೊಂದು ತಿಂದಳು, ಆಮೇಲೆ ಡಬ್ಬಿಯನ್ನೇ ತನ್ನ ಕಡೆ ಎಳೆದುಕೊಂಡಳು.

“ಇಂಥದ್ದನ್ನ ಇಕುಯೊ ಒಂದಿನಾನೂ ತರ್ಲಿಲ್ಲವಲ್ಲ! ಕಳ್ಳಿ, ಒಬ್ಬಳೇ ತಿಂತಿದ್ಲು.”

“ಪ್ರತಿ ವರ್ಷ ಮಾಡ್ಕೊಡ್ತೀನಿ ಅಂತಿದ್ದೆ. ನಿಮಗೆ ಇಂಥದ್ದು ಸೇರಲ್ಲ ಅಂತಿದ್ಲು” ಎಂದೆ.

“ನನಗೆ ಸೇರದೇ ಇರೋದು ಈ ಭೂಮಿ ಮೇಲೆ ಇದ್ಯಾ?” ಎಂದಳು ಮಸಾಯೊ.

ನೊಬುಎ ನಗಲಿಲ್ಲ. ಕೈಯಲ್ಲಿದ್ದ ಅನ್ನದುಂಡೆ ಕೆಳಗಿಟ್ಟಳು. “ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ನಿಮಗೆ ಜನ ಅಂದ್ರೆ ಆಗಲ್ಲ ಅಲ್ವಾ? ಗಲಾಟೆ ಅಂದ್ರೆ ತಲೆನೋವು. ಪಿಯಾನೊ ಕಿವಿ, ಹೆಂಗಸರು ಕಿಚಿಕಿಚಿ ಅಂದ್ರೆ ಎದ್ದು ಒಳಗೆ ಹೋಗಿ ಬಾಗಿಲು ಹಾಕ್ಕೊಳ್ತೀರಿ. ನಾವು ನಿಮ್ಮನೆಗೆ ಬರ್ತೀವಿ ಅಂದಾಗೆಲ್ಲ ಇಕುಯೊ ಅದೇ ಹೇಳೋಳು.”

“ನಾನು? ಇಲ್ಲವಲ್ಲ” ಎಂದೆ. “ನಿಮಗೇ ನನ್ನ ಜೊತೆ ಕಷ್ಟ ಅಂತಿದ್ಲು. ಪರದೇಶದವನ ಎದುರು ನಿಮಗೆ ಬಾಯಿ ಕಟ್ಟಿಹೋಗುತ್ತೆ, ಸುಮ್ನೆ ಮುಜುಗರ ಕೊಡೋದು ಬೇಡ ಅಂತ.”

“ನಮಗೆ ಬಾಯಿ ಕಟ್ಟೋದಾ?” ಎಂದು ಮಸಾಯೊ ಶುರು ಮಾಡಿದಳು. ಯಾರೂ ನಗದಿದ್ದುದರಿಂದ ನಿಲ್ಲಿಸಿದಳು.

“ನನ್ನ ಮಗಳ ಮದುವೆಗೆ ನಿಮ್ಮಿಬ್ಬರನ್ನೂ ಕರೆದಿದ್ದೆ” ಎಂದಳು ನೊಬುಎ. “ನಿಮ್ಮ ಕುರ್ಚಿ ಕೊನೇವರೆಗೂ ಖಾಲಿ ಇತ್ತು.”

ಆ ಮದುವೆಯ ದಿನ ನೆನಪಿದೆ. ಇಕುಯೊಳ ಕಿಮೊನೊದ ಬೆನ್ನಿನ ಪಟ್ಟಿ ಬಿಗಿಯಲು ನಾನೇ ಕೈ ಕೊಟ್ಟಿದ್ದೆ. ಹೆಂಗಸರನ್ನಷ್ಟೇ ಕರೆದಿದ್ದಾರೆ ಎಂದಿದ್ದಳು. ಕಾರಿನಲ್ಲಿ ಸ್ಟೇಷನ್‌ಗೆ ಬಿಟ್ಟು, ರೈಲು ಹೋಗುವವರೆಗೆ ಕೈ ಬೀಸುತ್ತ ನಿಂತಿದ್ದೆ. ಮನೆಗೆ ಬಂದು ಒಬ್ಬನೇ ನೂಡಲ್ಸ್ ಬೇಯಿಸಿಕೊಂಡು ತಿಂದೆ.

ಚಿಜುರು ಒಂದು ಮಾತೂ ಆಡಲಿಲ್ಲ. ಮಣ್ಣು ಮೆತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೀರು ನೋಡುತ್ತಿದ್ದಳು. ನೀರು ತಿರುಗಿ ಬರುತ್ತಿತ್ತು. ಎಲ್ಲರೂ ಎದ್ದು ಚಾಪೆ ಸುತ್ತಿದೆವು. ವಾಪಸ್ ಬರುವಾಗ ನೊಬುಎ ಹವೆಯ ಬಗ್ಗೆ ಮಾತಾಡಿದಳು. ಇವತ್ತು ಹವೆ ಚೆನ್ನಾಗಿತ್ತು ಎಂದು ನಾನೂ ಹೇಳಿದೆ.

ಚಿಪ್ಪಿಗಳನ್ನು ಉಪ್ಪುನೀರಿನ ಬಕೆಟ್ಟಿಗೆ ಹಾಕಿಟ್ಟಿದ್ದೇನೆ. ಅವಳ ಫೋಟೊದ ಕೋಣೆಗೆ ಹೋಗಲಿಲ್ಲ.

ಏಪ್ರಿಲ್ ೩೦

ಒಂದೊಂದೇ ನೆನಪಾಗುತ್ತಿದೆ. ಹೊಸ ವರ್ಷದ ಊಟಗಳು. ಬಿಸಿನೀರ ಬುಗ್ಗೆಗೆ ಹೋಗಿ ಎರಡು ದಿನ ಇದ್ದು ಬಂದದ್ದು. ಚೆರಿ ಹೂ ಬಿಟ್ಟಾಗ ನದಿ ದಂಡೆಯ ಊಟ. ಪ್ರತಿ ಸಲವೂ ನನಗಾಗಿಯೇ ಬೇಡ ಎನ್ನುತ್ತಿದ್ದಾಳೆ, ನನಗೆ ಮಂಡಿಯೂರಿ ಕೂರಲು ಕಷ್ಟವೆಂದು, ನನಗೆ ಮುಜುಗರವಾಗಬಾರದೆಂದು, ಎಂದುಕೊಂಡಿದ್ದೆ. ಎಷ್ಟು ಪ್ರೀತಿ ಎಂದುಕೊಂಡಿದ್ದೆ. ಮನೆಯಲ್ಲಿ ಕೂತು ರೇಡಿಯೊ ಕೇಳುತ್ತ, ಈ ಜನರೇ ಹೀಗೆ, ಬಾಗಿಲವರೆಗೆ ಬಿಡುತ್ತಾರೆ, ಒಳಗೆ ಬಿಡುವುದಿಲ್ಲ ಎಂದು ಈ ದೇಶವನ್ನು ಬೈದುಕೊಂಡೆ. ಬಾಗಿಲಲ್ಲಿ ನಿಂತಿದ್ದವಳು ಅವಳು.

ಚಿಪ್ಪಿಗಳನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟೆ.

ಮೇ ೪

ಪಿರೋಷ್ಕಾಗೆ ನಾನೇ ಫೋನ್ ಮಾಡಿದೆ. ಆಗಸ್ಟ್‌ವರೆಗೆ ಕಾಯುವುದಿಲ್ಲ, ಜೂನ್ ಕೊನೆಗೆ ಬರುತ್ತೇನೆ ಎಂದೆ.

“ಹಬ್ಬ ಇತ್ತಲ್ಲೋ? ಅವಳು ಮನೆಗೆ ಬರ್ತಾಳೆ ಅಂತಿದ್ದೆ?”

“ಬರಲಿ. ಬೀಗ ಹಾಕಿರುತ್ತೆ.”

“ಜಗಳ ಆಡಿದ್ಯಾ?” ಎಂದಳು.

“ಸತ್ತವರ ಹತ್ತಿರ ಯಾರು ಜಗಳ ಆಡ್ತಾರೆ?”

“ನಾನು ಆಡ್ತೀನಪ್ಪ. ಸತ್ತೋದ ನನ್ನ ಗಂಡನಿಗೆ ದಿನಾ ಬೈತೀನಿ” ಎಂದಳು. ರೂಮಿಗೆ ಸುಣ್ಣ ಹೊಡೆಸುತ್ತಾಳಂತೆ.

ಮೇ ೧೧, ಭಾನುವಾರ

ಚಿಜುರು ಬಂದಳು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಹೊಸಿಲ ಹೊರಗಿನ ಮೆಟ್ಟಿಲ ಮೇಲೆ ಕೂತಳು. ನಾನೂ ಒಳಗಿನ ಮೆಟ್ಟಿಲ ಮೇಲೆ ಕೂತೆ. ನಮ್ಮಿಬ್ಬರ ನಡುವೆ ತೆರೆದ ಬಾಗಿಲು.

“ಅವತ್ತು ನಾನು ಸುಮ್ನಿದ್ದೆ. ಯಾಕಂದ್ರೆ ನನಗೆ ಗೊತ್ತಿತ್ತು” ಎಂದಳು. “ಎಲ್ಲಾ ಅಲ್ಲ. ಒಂದು ಸಲ ಚಿಪ್ಪಿಗೆ ಹೋದಾಗ ಅವಳೇ ಹೇಳಿದ್ಲು. ‘ಇಲ್ಲಿ ನನ್ನ ಯಾರೂ ತಿರುಗಿ ನೋಡಲ್ಲ ಕಣೇ, ಎಷ್ಟು ಹಾಯಾಗಿದೆ’ ಅಂತ. ಅಷ್ಟೇ. ನಾನು ಮುಂದಕ್ಕೆ ಕೇಳ್ಲಿಲ್ಲ.”

“ಅಂದ್ರೆ ನಾನು ಜೊತೆಗಿದ್ರೆ ಎಲ್ಲಾ ತಿರುಗಿ ನೋಡ್ತಾರೆ.”

“ಹೌದು.”

“ಅದನ್ನ ನನಗೇ ಹೇಳಬಹುದಿತ್ತು.”

“ಹೇಳಿದ್ರೆ ನಿಮಗೆ ನೋವಾಗ್ತಿತ್ತು.”

“ಈಗ ಆಗ್ತಿಲ್ವಾ?” ಎಂದೆ. ದನಿ ಏರಿಬಿಟ್ಟಿತು. ಪಕ್ಕದ ಮನೆಯ ಕಿಟಕಿ ಸರಿದದ್ದು ಕೇಳಿಸಿತು. “ಇಷ್ಟು ವರ್ಷ ನಾನು ಈ ಮನೇಲಿ ಒಬ್ಬನೇ ಕೂತಿದ್ದೆ, ಚಿಜುರು-ಸಾನ್. ನೀವೆಲ್ಲ ಇಲ್ಲೇ ಇದ್ರಿ, ಸೈಕಲ್ ತುಳಿದ್ರೆ ಸಿಗೋಷ್ಟು ಹತ್ತಿರ. ಒಬ್ಬರಾದ್ರೂ, ಒಂದು ಸಲ, ಬಾಗಿಲು ತಟ್ಟಿ ಕೇಳಬಹುದಿತ್ತು.”

ಅವಳು ತಲೆ ತಗ್ಗಿಸಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಆಸ್ಪತ್ರೆಯಲ್ಲಿ ವೈದ್ಯರು ಹೇಳಿದ್ದನ್ನು ನನಗೆ ಬಿಡಿಸಿ ಹೇಳುತ್ತಿದ್ದಾಗಿನ ಮುಖವೇ ಇವತ್ತೂ ಇತ್ತು. “ಕೇಳಬಹುದಿತ್ತು. ಕೇಳದೇ ಇರೋದು ನಮಗೆ ಸುಲಭವಾಗಿತ್ತು. ನಿಮ್ಮ ಜೊತೆ ಏನು ಮಾತಾಡೋದು ಅಂತ ನಿಜವಾಗಿಯೂ ಗೊತ್ತಿರಲಿಲ್ಲ. ಅವಳು ಹೇಳಿದ್ದು ಪೂರ್ತಿ ಸುಳ್ಳಲ್ಲ.” ಸ್ವಲ್ಪ ತಡೆದು ಹೇಳಿದಳು: “ನೀವೂ ಕೇಳಬಹುದಿತ್ತು ಆಕೊ-ಸಾನ್. ನೊಬುಎ ಅಂಗಡಿಗೆ ಹೋಗಿ ಕೂತಿದ್ರೆ ಕ್ಷೌರ ಮಾಡಿ ಕಳಿಸ್ತಿದ್ಲು. ನಮ್ಮ ಬಗ್ಗೆ ಅವಳು ಹೇಳಿದ್ದನ್ನ ನೀವೂ ಹಾಗೇ ನಂಬಿದ್ರಿ. ನಿಮಗೂ ಸುಲಭವಾಗಿತ್ತೋ ಏನೋ.”

ಎದ್ದು ಹೋದಳು. ಒಂದು ಲೋಟ ಚಹಾ ಕೂಡ ಕೊಡಲಿಲ್ಲ ನಾನು.

ಮೇ ೧೨

ಚಿಜುರು ಹೇಳಿದ್ದು ತಪ್ಪು.

ಮೇ ೧೪

ಅಷ್ಟೇನೂ ತಪ್ಪಲ್ಲ.

ಮೇ ೨೦, ಮಂಗಳವಾರ

ನೊಬುಎಯ ಅಂಗಡಿಗೆ ಹೋದೆ. ಬಾಗಿಲ ಮುಂದೆ ಎರಡು ಸಲ ಹಾದುಹೋದೆ. ಮೂರನೆಯ ಸಲ ಅವಳೇ ಪೊರಕೆ ಹಿಡಿದು ಹೊರಗೆ ಬಂದಳು. “ನಡೆದು ನಡೆದು ರಸ್ತೆ ಸವೆದೋಯ್ತು. ಬನ್ನಿ, ಒಳಗೆ ಬನ್ನಿ.”

ಕುರ್ಚಿಯಲ್ಲಿ ಕೂರಿಸಿ ಬಟ್ಟೆ ಹೊದಿಸಿದಳು. ನೀರು ಚಿಮುಕಿಸಿ ಬಾಚಿದಳು. ಬಾಚಣಿಗೆ ನಿಂತಿತು. ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿತ್ತು.

“ಎಡಗಡೆ ಗಿಡ್ಡ ಇದೆ” ಎಂದಳು.

“ಯಾವಾಗ್ಲೂ ಹಾಗೇ ಕತ್ತರಿಸ್ತಿದ್ಲು. ಹೇಳಿದ್ರೆ, ನಿಮ್ಮ ತಲೆನೇ ಸೊಟ್ಟ ಅನ್ನೋಳು.”

“ಅವಳಿಗೆ ಶಾಲೇಲೂ ನೆಟ್ಟಗೆ ಗೆರೆ ಎಳೆಯೋಕೆ ಬರ್ತಿರಲಿಲ್ಲ.” ಕತ್ತರಿ ಕೈಯಲ್ಲಿ ಹಿಡಿದು ಹಾಗೇ ನಿಂತಳು. “ಆಕೊ-ಸಾನ್, ಇದು ಅವಳ ಕೈಯಿಂದಾದ್ದು. ಸರಿ ಮಾಡಿಬಿಟ್ರೆ ಹೋಯ್ತು. ಏನ್ಮಾಡ್ಲಿ?”

ಸಿಟ್ಟು ಇತ್ತು, ಇನ್ನೂ ಇದೆ. ಆದರೂ ಕೈ ಎಡಗಿವಿಯ ಮೇಲಿನ ಕೂದಲಿಗೆ ಹೋಯಿತು. ಹೊರಗೆ ಶಾಲೆಯ ಮಕ್ಕಳು ಸಾಲಾಗಿ ಹೋಗುತ್ತಿದ್ದರು.

“ಸರಿ ಮಾಡಿ” ಎಂದೆ.

ಕತ್ತರಿಸಿದಳು. ಕತ್ತರಿಸುವಾಗ ಮೂಗು ಏರಿಸಿಕೊಳ್ಳುತ್ತಿದ್ದಳು. ಹೂವಿನ ಪರಾಗದ ಅಲರ್ಜಿ ಎಂದಳು. ಆ ಕಾಲ ಮುಗಿದು ಒಂದು ತಿಂಗಳಾಗಿದೆ. ಕೊನೆಗೆ ಹಿಂದಿನಿಂದ ಕನ್ನಡಿ ಹಿಡಿದು ತೋರಿಸಿದಳು. ಎರಡೂ ಕಡೆ ಸಮ ಇತ್ತು. ಯಾರೋ ಬೇರೆಯವನ ಕತ್ತಿನಂತೆ ಕಂಡಿತು.

“ಮುಂದಿನ ತಿಂಗಳು ಮಸಾಯೊ ಹುಟ್ಟಿದಹಬ್ಬ. ಈಲ್ ಮೀನೂಟಕ್ಕೆ ಹೋಗ್ತೀವಿ, ಸರೋವರದ ಕಡೆಗೆ. ನಿಮ್ಮನ್ನೇ ಕರೀತಿದ್ದೀನಿ, ಈ ಸಲ ನಡುವೆ ಯಾರೂ ಇಲ್ಲ” ಎಂದಳು.

ಬರುತ್ತೇನೆ ಎಂದೆ.

ಜೂನ್ ೩

ಪಿರೋಷ್ಕಾ ಟಿಕೆಟ್ ತಗೊಂಡ್ಯಾ ಎಂದಳು. ಮಳೆಗಾಲ ಮುಗಿಯಲಿ ಎಂದೆ. ರೂಮಿಗೆ ತಿಳಿಹಳದಿ ಹೊಡೆಸಿದ್ದಾಳಂತೆ, ಚೆನ್ನಾಗಿದೆಯಂತೆ. ಅವಳ ಮನೆಯ ಸೌತೆಕಾಯಿ ಬಳ್ಳಿಯ ಬಗ್ಗೆ ಬಹಳ ಹೊತ್ತು ಮಾತಾಡಿದೆವು.

ಜೂನ್ ೧೬, ಸೋಮವಾರ

ಮಳೆ ಒಂದು ದಿನದ ಮಟ್ಟಿಗೆ ಬಿಟ್ಟಿತ್ತು. ಸರೋವರದ ದಂಡೆಯಲ್ಲಿ ಹಳೆಯ ಈಲ್ ಊಟದ ಮನೆ. ಬಡಿಸುವ ಹುಡುಗಿ ನಾಲ್ವರಿಗೂ ನೀರಿಟ್ಟು, ನನ್ನ ಕಡೆ ನೋಡಿ ನೊಬುಎಯನ್ನು ಕೇಳಿದಳು: “ಇವರಿಗೆ ಫೋರ್ಕ್ ತರ್ಲಾ?”

“ಬೇಡಮ್ಮ, ನನಗಿಂತ ಚೆನ್ನಾಗಿ ಕಡ್ಡಿ ಹಿಡೀತಾರೆ” ಎಂದು ನೊಬುಎ ನಕ್ಕಳು.

ಊಟ ಬಂತು. ಮಾಲಕಿ ಅಮ್ಮ ಒಳಗಿನಿಂದ ಬಂದು ನೊಬುಎಯ ಪಕ್ಕ ಮಂಡಿಯೂರಿ ಕೂತಳು. ಇವರು ಈಲ್ ತಿನ್ನುತ್ತಾರಾ? ಯಾವ ದೇಶ? ಎಷ್ಟು ದಿನದ ಪ್ರವಾಸ? ಭಾಷೆ ಗೊತ್ತಾಗುತ್ತಾ? ನೊಬುಎ ಒಂದೊಂದಕ್ಕೂ ಉತ್ತರ ಹೇಳಿದಳು. ಅವಳ ಅನ್ನದ ಮೇಲಿನ ಮೀನು ಆರುತ್ತಿತ್ತು. “ಹೌದಾ? ಇಲ್ಲೇ ಇರೋದಾ? ಹಾಗಿದ್ರೆ ನೀವು ಇವರ ಹೆಂಡತಿನಾ?” ಎಂದಳು ಮಾಲಕಿ. ಮಸಾಯೊ ಉಸಿರುಗಟ್ಟುವಷ್ಟು ನಕ್ಕಳು. ನೊಬುಎಯೂ ನಕ್ಕಳು, ಸ್ವಲ್ಪ.

ಊಟದ ಮೇಲೆ ದಂಡೆಯಲ್ಲಿ ನಡೆದೆವು. ಗಾಳ ಹಾಕಿ ಕೂತಿದ್ದ ಮುದುಕ ನಮ್ಮನ್ನು ನಿಲ್ಲಿಸಿದ. ಅವನೂ ನೊಬುಎಯನ್ನೇ ಕೇಳಿದ, ಅವಳು ನನ್ನ ಪಕ್ಕದಲ್ಲಿದ್ದುದರಿಂದ. ಎಲ್ಲಿಯವರು? ಅಮೆರಿಕಾನಾ? ಮಾತು ಬರುತ್ತಾ? ಮನೇಲಿ ಯಾವ ಭಾಷೆ? ಬ್ರೆಡ್ ತಿಂತಾರಾ ಅನ್ನ ತಿಂತಾರಾ? ನೊಬುಎಯ ಉತ್ತರಗಳು ಗಿಡ್ಡವಾಗುತ್ತ ಬಂದವು. ಕೊನೆಗೆ, “ಅವರಿಗೇ ಕಿವಿ ಇದೆ, ಅವರನ್ನೇ ಕೇಳಿ ತಾತ” ಎಂದಳು. ಮುದುಕ ಕೆಟ್ಟವನಲ್ಲ. ನನ್ನ ಕಡೆ ತಿರುಗಿ ಮುಗುಳ್ನಕ್ಕು, ಏನೂ ಕೇಳದೆ ಗಾಳದ ಕಡೆ ತಿರುಗಿಕೊಂಡ.

ಪ್ಲಾಟ್‌ಫಾರಂಗೆ ಬಂದು ಬೆಂಚಿನ ಮೇಲೆ ಕೂತಾಗ ನೊಬುಎ ಟೊಪ್ಪಿಯಿಂದ ಗಾಳಿ ಹಾಕಿಕೊಳ್ಳುತ್ತ, “ಅಯ್ಯಪ್ಪ, ಸಾಕಾಗಿಹೋಯ್ತು” ಎಂದಳು. ಎಂದವಳೇ ಬಾಯಿಗೆ ಕೈ ಇಟ್ಟುಕೊಂಡಳು. ಕಿವಿಯವರೆಗೂ ಕೆಂಪಾದಳು.

ಬರೇ ಒಂದು ದಿನ ಅವಳು ನನ್ನ ಪಕ್ಕ ನಡೆದಿದ್ದಳು.

ಇಕುಯೊ ಇದನ್ನೆಲ್ಲ ಒಂದು ಸಲವೂ ನನ್ನ ಕಿವಿಗೆ ಬೀಳಲು ಬಿಟ್ಟಿರಲಿಲ್ಲ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಡಾಕ್ಟರ ಹತ್ತಿರ ನಾನು ಕಿಟಕಿಯಾಚೆ ನೋಡುತ್ತ ಆರಾಮಾಗಿ ನಿಂತಿರುತ್ತಿದ್ದೆ. ಪಕ್ಕದಲ್ಲಿ ಅವಳು ಯಾರ ಜೊತೆಗೋ ಮೆಲ್ಲಗೆ ಮಾತಾಡುತ್ತಿರುತ್ತಿದ್ದಳು. ಏನಂತೆ ಎಂದರೆ ಏನಿಲ್ಲ ಎನ್ನುತ್ತಿದ್ದಳು. ಅವಳಿಗೆ ದಣಿವಾಗಿತ್ತು. ವರ್ಷಕ್ಕೆ ಕೆಲವು ದಿನ ಯಾರಿಗೂ ಉತ್ತರ ಹೇಳದೆ ಕೆಸರಿನಲ್ಲಿ ಕೂರಬೇಕೆನಿಸಿತ್ತು. ನನ್ನನ್ನು ಮನೆಯಲ್ಲಿ ಬಿಟ್ಟುಹೋಗಿದ್ದಕ್ಕೆ ಸಿಟ್ಟು ಹೋಗಿಲ್ಲ. ಆದರೆ ಆ ಬೆಂಚಿನ ಮೇಲೆ, ಇಕುಯೊಳ ಕಾಲು ಒತ್ತಬೇಕೆನಿಸಿತು.

“ಮುಂದಿನ ಸಲ ನಾನೇ ಉತ್ತರ ಹೇಳ್ತೀನಿ” ಎಂದೆ ನೊಬುಎಗೆ.

“ಹೇಳಿಪ್ಪಾ. ನನ್ನ ಈಲ್ ಆರಿಹೋಯ್ತು.”

ಚಿಜುರು ನನ್ನನ್ನು ನೋಡಿದಳು.

ರೈಲಿನಲ್ಲಿ ಜನ ಇದ್ದರು. ಎದುರುಬದುರು ಸೀಟು ಸಿಗಲಿಲ್ಲ. ಮಸಾಯೊ ಮತ್ತು ಚಿಜುರು ಮುಂದೆಲ್ಲೋ ಕೂತರು, ನಾನು, ನೊಬುಎ ಉದ್ದ ಬೆಂಚಿನ ಮೇಲೆ. ಎರಡು ಸ್ಟೇಷನ್ ದಾಟಿದ ಮೇಲೆ ಸೊಪ್ಪಿನ ಗಂಟು ಹಿಡಿದ ಅಜ್ಜಿಯೊಬ್ಬಳು ಹತ್ತಿ ನಮ್ಮ ಪಕ್ಕ ಕೂತಳು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು, ಬಗ್ಗಿ ನೊಬುಎಯ ಕಡೆ ಕತ್ತು ಚಾಚಿದಳು.

“ಇವರು ಎಲ್ಲಿಯವರಮ್ಮಾ?”

ನೊಬುಎ ಕಣ್ಣು ಮುಚ್ಚಿಕೊಂಡಳು. ನಿದ್ದೆಯಂತೆ.

“ಹಂಗೇರಿ, ಅಜ್ಜಿ” ಎಂದೆ. “ಸೆಗೆಡ್ ಅಂತ ಊರು, ನದಿ ದಂಡೇಲಿದೆ. ಇಲ್ಲಿಗೆ ಪಿಯಾನೊ ಕೆಲಸಕ್ಕೆ ಬಂದೆ, ಇಲ್ಲೇ ಉಳಿದೆ. ಅನ್ನಾನೇ ತಿಂತೀನಿ. ಈಲೂ ತಿಂತೀನಿ. ನನ್ನ ಹೆಂಡತಿ ಈ ಊರಿನವಳೇ. ಇಕುಯೊ ಅಂತ. ಹೋದ ನವೆಂಬರ್‌ನಲ್ಲಿ ತೀರಿಕೊಂಡಳು.”

ಆ ಮಾತನ್ನು ಇಲ್ಲಿಯವರ ಭಾಷೆಯಲ್ಲಿ ನನ್ನ ಬಾಯಿಂದ ನಾನು ಕೇಳಿದ್ದು ಇದೇ ಮೊದಲು. ಆಗ ಎಲ್ಲರಿಗೂ ತಿಳಿಸಿದವಳು ಚಿಜುರು.

ಅಜ್ಜಿ “ಹೌದಾ” ಎಂದಳು. ಸ್ವಲ್ಪ ಹೊತ್ತು ಸೊಪ್ಪಿನ ಗಂಟನ್ನು ಸವರುತ್ತ ಕೂತಳು. “ಹೋದ ನವೆಂಬರ್ ಅಂದ್ರೆ, ಅಯ್ಯೋ, ಮೊನ್ನೆ ಮೊನ್ನೆ ಅಲ್ವೇನಪ್ಪ.” ಕೈಚೀಲದಲ್ಲಿ ತಡಕಾಡಿ ನನ್ನ ಅಂಗೈಗೆ ಒಂದು ಪೆಪ್ಪರಮಿಂಟು ಹಾಕಿದಳು.

ಪಕ್ಕದಲ್ಲಿ ನೊಬುಎಯ ಕಣ್ಣು ಮುಚ್ಚಿಯೇ ಇತ್ತು. ಕೆನ್ನೆ ಒದ್ದೆಯಾಗಿತ್ತು.

ಪೆಪ್ಪರಮಿಂಟು ಉಪ್ಪು ಹಾಕಿದ ಪ್ಲಮ್ ಹಣ್ಣಿನದು. ನನಗೆ ಸೇರುವುದಿಲ್ಲ. ಇಳಿಯುವವರೆಗೂ ಬಾಯಲ್ಲಿಟ್ಟುಕೊಂಡಿದ್ದೆ.